ಕೊನೆಯ ಜೋಡಿ ಯಾರಿಗೆ? ಆನ್‌ಲೈನ್ ಅಂಗಡಿಯ ಬ್ಯಾಕೆಂಡ್ ಬಗೆಗಿನ ತಪ್ಪು ಕಲ್ಪನೆಗಳು

ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಾಗ ಅದು ಒಂದೇ ರಾಜ್ಯದ ಪಾಲಾಗಲಿಲ್ಲ. ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಮಹಾರಾಷ್ಟ್ರದ ಕಡೆ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಕರ್ನಾಟಕದ ಕಡೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಪ್ರದರ್ಶನದಲ್ಲಿ ಇದೇ ನಮೂನೆಯ ಚಪ್ಪಲಿ ಮೆರೆಸಿ ಗದ್ದಲವಾಯಿತು. ಆಮೇಲೆ ‘ನಾವ ಆನ್‌ಲೈನ್ ಯಾಕ ಮಾರಬಾರದು?’ ಎಂದು ಯಾರಾದರೂ ಕೇಳಿದರೆ ತಪ್ಪೇನಿಲ್ಲ. ಮಹಾರಾಷ್ಟ್ರದ ಗಡಿಯೂರು ಗಡಹಿಂಗ್ಲಜದ ಪೇಟೆಯಲ್ಲಿ ಅಂಥದೊಂದು ಅಂಗಡಿ ಇದೆ ಎಂದುಕೊಳ್ಳಿ. ಅದರ ಮಾಲೀಕರು ಆಡುವ ಮಾತುಗಳಿಂದಲೇ ಶುರು ಮಾಡೋಣ.

‘ಚೊಲೊ ಫೋಟೊ ಹಾಕಿದ್ರ ಅಂಗಡಿ ಆತಲ್ರೀ’

ಅದು ಬರೀ ಬೋರ್ಡು. ಆರ್ಡರ್ ಬರೆದಿಟ್ಟುಕೊಳ್ಳುವುದು, ಸ್ಟಾಕ್ ಕಳೆಯುವುದು, ಹಣ ಬಂತೋ ಇಲ್ಲವೋ ನೋಡುವುದು, ಬಿಲ್ ಮಾಡುವುದು ಎಲ್ಲವೂ ಗಿರಾಕಿಗೆ ಕಾಣದ ಸರ್ವರ್ ಮತ್ತು ಡೇಟಾಬೇಸಿನ, ಅಂದರೆ ಬ್ಯಾಕೆಂಡಿನ ಕೆಲಸ. ಖರ್ಚು ಮಾಡುವುದಿದ್ದರೆ ಮೊದಲು ಅಲ್ಲಿ ಮಾಡಬೇಕು.

‘ಎಕ್ಸೆಲ್‌ನಾಗ ಸ್ಟಾಕ್ ಐತಿ, ಅಷ್ಟ ಸಾಕು’

ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲು ಹಿಡಿಯುತ್ತವೆ. ಜಾಗದ ತೊಂದರೆ ಅಲ್ಲ. ತೊಂದರೆ ಬರುವುದು ಇಬ್ಬರು ಒಟ್ಟಿಗೆ ಬಂದಾಗ. ಕಾಪಶಿ ನಮೂನೆ, 8ನೇ ಸೈಜು, ಉಳಿದಿರುವುದು ಒಂದೇ ಜೋಡಿ. ಪುಣೆಯವರೊಬ್ಬರು, ಬೆಳಗಾವಿಯವರೊಬ್ಬರು ಒಂದೇ ಗಳಿಗೆಗೆ ‘ಖರೀದಿಸಿ’ ಒತ್ತುತ್ತಾರೆ. ಪ್ರೋಗ್ರಾಂ ಮೊದಲು ‘ಎಷ್ಟಿದೆ?’ ಎಂದು ಓದಿ, ಆಮೇಲೆ ಒಂದು ಕಳೆದು ಬರೆಯುವಂತಿದ್ದರೆ, ಇಬ್ಬರಿಗೂ ಓದುವಾಗ 1 ಕಾಣುತ್ತದೆ, ಇಬ್ಬರೂ 0 ಎಂದು ಬರೆಯುತ್ತಾರೆ. ಆರ್ಡರ್ ಎರಡು, ಚಪ್ಪಲಿ ಒಂದು. ಲೆಕ್ಕದಲ್ಲಿ ಮಾತ್ರ ಯಾವ ತಪ್ಪೂ ಕಾಣುವುದಿಲ್ಲ, ಅದೇ ಫಜೀತಿ.

ಡೇಟಾಬೇಸ್ ಹಾಕಿದ ಮಾತ್ರಕ್ಕೆ ಇದು ತಪ್ಪುವುದಿಲ್ಲ ಎನ್ನುವುದನ್ನು ಹೊಸ ಪ್ರೋಗ್ರಾಮರುಗಳೂ ಮರೆಯುತ್ತಾರೆ. ಓದುವುದು, ಕಳೆಯುವುದು ಎರಡನ್ನೂ ಒಂದೇ ಆಜ್ಞೆಯಲ್ಲಿ ಹೇಳಬೇಕು: ‘ಸ್ಟಾಕ್ ಒಂದಕ್ಕಿಂತ ಕಡಿಮೆ ಇಲ್ಲದಿದ್ದರೆ ಮಾತ್ರ ಒಂದು ಕಳೆ.’ ಡೇಟಾಬೇಸ್ ಆ ಸಾಲಿಗೆ ಬೀಗ ಹಾಕಿ ಮೊದಲು ಬಂದವರ ಕೆಲಸ ಮುಗಿಸುತ್ತದೆ. ಎರಡನೆಯವರಿಗೆ ‘ಬದಲಾದ ಸಾಲು: ಸೊನ್ನೆ’ ಎಂಬ ಉತ್ತರ ಬರುತ್ತದೆ. ಅವರಿಗೆ ‘ಖಾಲಿಯಾಗಿದೆ’ ಎಂದು ತೋರಿಸಿದರಾಯಿತು. ಸ್ಟಾಕ್ ಕಳೆಯುವುದೂ ಆರ್ಡರ್ ಬರೆಯುವುದೂ ಒಂದೇ ಟ್ರಾನ್ಸಾಕ್ಷನ್ ಒಳಗಿರಬೇಕು. ನಡುವೆ ಕರೆಂಟ್ ಹೋದರೆ ಎರಡೂ ಆಗಿರಬೇಕು, ಇಲ್ಲವೇ ಎರಡೂ ಆಗಿರಬಾರದು. ಅಂದ ಹಾಗೆ ಸ್ಟಾಕ್ ಇಡಬೇಕಾದದ್ದು ನಮೂನೆಗಲ್ಲ, ನಮೂನೆ-ಸೈಜು-ಬಣ್ಣ ಕೂಡಿದ ಒಂದೊಂದು ಜೋಡಣೆಗೆ. 7ನೇ ಸೈಜಿನ ಹತ್ತು ಜೋಡಿ ಇದ್ದರೂ 8ನೇ ಸೈಜಿನವರ ಕಾಲಿಗೆ ಅವು ಬಾರವು.

‘ದರ ಪ್ರಾಡಕ್ಟ್ ಟೇಬಲ್‌ನಾಗ ಐತಲ್ಲ, ಆರ್ಡರ್‌ನಾಗ ಮತ್ತ ಯಾಕ ಬರೀಬೇಕು?’

1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಸಂಬಂಧಾತ್ಮಕ ಡೇಟಾಬೇಸಿನ ತಳಹದಿ ಹಾಕಿದರು. ಒಂದೇ ಸಂಗತಿಯನ್ನು ಎರಡು ಕಡೆ ಬರೆಯಬೇಡಿ ಎನ್ನುವ ಪಾಠ ಅಲ್ಲಿಂದ ಬೆಳೆದದ್ದು. ಪಾಠ ಸರಿ, ಇಲ್ಲಿ ಅದನ್ನು ಅನ್ವಯಿಸುವುದು ತಪ್ಪು. ಇಂದಿನ ದರ ಬೇರೆ, ಅಂದು ಮಾರಿದ ದರ ಬೇರೆ. ಅವು ಎರಡು ಸಂಗತಿ. ಕಿರ್ದಿಯಲ್ಲಿ ಹೋದ ವರ್ಷ ಬರೆದ ನಮೂದನ್ನು ಯಾವ ಸಾಹುಕಾರನೂ ಈ ವರ್ಷದ ದರಕ್ಕೆ ತಿದ್ದುವುದಿಲ್ಲ.

ತೆರಿಗೆಯನ್ನೇ ನೋಡಿ. ಜೋಡಿಗೆ 1,000 ರೂಪಾಯಿ ಮೀರಿದ ಪಾದರಕ್ಷೆಗೆ ಮೊದಲು ಶೇ. 18 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗೆ ಶೇ. 5 ಆಯಿತು. 1,500 ರೂಪಾಯಿಯ ಚಪ್ಪಲಿಯನ್ನು ಆಗಸ್ಟ್‌ನಲ್ಲಿ ಮಾರಿದ್ದೀರಿ, ಅಕ್ಟೋಬರ್‌ನಲ್ಲಿ ಗಿರಾಕಿ ಬಿಲ್ಲಿನ ಪ್ರತಿ ಕೇಳುತ್ತಾರೆ. ಬ್ಯಾಕೆಂಡ್ ಈಗಿನ ದರ ಹುಡುಕಿ ಬಿಲ್ ಮಾಡಿದರೆ ಶೇ. 5 ಬರುತ್ತದೆ, ನೀವು ಕಟ್ಟಿದ್ದು ಶೇ. 18. ಹಾಗಾಗಿ ಬೆಲೆ, ತೆರಿಗೆಯ ದರ, ರಿಯಾಯಿತಿ, ತಲುಪಿಸಿದ ವಿಳಾಸ ಇಷ್ಟನ್ನೂ ಆರ್ಡರಿನ ಸಾಲಿನಲ್ಲೇ ಕಾಯಂ ಬರೆದಿಡಬೇಕು.

ನಮ್ಮ ಗಡಿಯೂರಿಗೆ ಇನ್ನೊಂದು ತಿರುವು ಇದೆ. ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕೆ ಕಳಿಸಿದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಪಾಲು. ಅದಕ್ಕಿಂತ ಹತ್ತಿರದ ಸಂಕೇಶ್ವರಕ್ಕೆ ಕಳಿಸಿದರೆ ರಾಜ್ಯ ಬದಲು, ಐಜಿಎಸ್‌ಟಿ. ಸಾಫ್ಟ್‌ವೇರ್‌ಗೆ ದೂರ ಮುಖ್ಯವಲ್ಲ, ರಾಜ್ಯದ ಸಂಖ್ಯೆ ಮುಖ್ಯ: ಮಹಾರಾಷ್ಟ್ರ 27, ಕರ್ನಾಟಕ 29. ವಿಳಾಸವನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ತುಂಬಿಸಿಕೊಂಡರೆ ಈ ಲೆಕ್ಕ ಕೆಡುತ್ತದೆ. ರಾಜ್ಯಕ್ಕೂ ಪಿನ್‌ಕೋಡಿಗೂ ಬೇರೆ ಕಾಲಂ ಬೇಕು.

‘ರೂಪಾಯಿ-ಪೈಸೆ ಅಂದ್ರ ದಶಾಂಶ, ಫ್ಲೋಟ್ ಹಾಕು’

ದಶಾಂಶವನ್ನು ಅಂದಾಜಿನಲ್ಲಿ ಇಡುವ ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಪೈಸೆಯನ್ನು ಪೂರ್ಣಾಂಕವಾಗಿ ಇಡಿ, ಇಲ್ಲವೇ ಡೇಟಾಬೇಸಿನ ‘ಡೆಸಿಮಲ್’ ಮಾದರಿ ಬಳಸಿ.

‘ಸಕ್ಸೆಸ್ ಅಂತ ಬಂತು, ಅಂದ್ರ ರೊಕ್ಕ ಬಂತು’

ಗಿರಾಕಿಯ ಮೊಬೈಲಿನಲ್ಲಿ ಕಾಣುವ ಪುಟಕ್ಕೆ ಬೆಲೆಯಿಲ್ಲ. ಯುಪಿಐ ಮುಗಿದ ಕೂಡಲೇ ನೆಟ್‌ವರ್ಕ್ ಹೋದರೆ ಆ ಪುಟ ತೆರೆಯುವುದೇ ಇಲ್ಲ, ಹಣ ಮಾತ್ರ ಹೋಗಿರುತ್ತದೆ. ಪೇಮೆಂಟ್ ಗೇಟ್‌ವೇ ನೇರವಾಗಿ ನಿಮ್ಮ ಸರ್ವರಿಗೆ ಕಳಿಸುವ ಸಂದೇಶವನ್ನು, ಅದೂ ಸಹಿ ಪರೀಕ್ಷಿಸಿ, ನಂಬಬೇಕು. ಆ ಸಂದೇಶ ಎರಡು-ಮೂರು ಸಲ ಬರಬಹುದು. ಪೇಮೆಂಟ್ ಸಂಖ್ಯೆಯ ಕಾಲಂಗೆ ‘ಯುನೀಕ್’ ಕಟ್ಟುಪಾಡು ಹಾಕಿದ್ದರೆ ಎರಡನೆಯದು ತಾನೇ ತಿರಸ್ಕೃತವಾಗುತ್ತದೆ. ಒಂದೇ ದುಡ್ಡಿಗೆ ಎರಡು ಪಾರ್ಸಲ್ ಹೋಗುವುದಿಲ್ಲ. ಇನ್ನು ಕಾರ್ಡ್ ನಂಬರ್: 2022ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಅಂಗಡಿಯವರು ಅದನ್ನು ಇಟ್ಟುಕೊಳ್ಳುವಂತೆಯೇ ಇಲ್ಲ.

‘ಹೆಸರು ಇಂಗ್ಲಿಷಿನಾಗ ಬರೀತಾರ ಬಿಡ್ರಿ’

ಬರೆಯುವುದಿಲ್ಲ. ಇಲ್ಲಿ ಒಬ್ಬರು ಕನ್ನಡದಲ್ಲಿ, ಪಕ್ಕದ ಮನೆಯವರು ಮರಾಠಿಯಲ್ಲಿ ವಿಳಾಸ ಕೊಡುತ್ತಾರೆ. ‘ಗಡಹಿಂಗ್ಲಜ’ ಕಣ್ಣಿಗೆ ಐದು ಅಕ್ಷರ, ಯುನಿಕೋಡ್‌ನಲ್ಲಿ ಒಂಬತ್ತು ಸಂಕೇತ, ಯುಟಿಎಫ್-8ರಲ್ಲಿ 27 ಬೈಟ್. ಉದ್ದವನ್ನು ಬೈಟ್‌ನಲ್ಲಿ ಅಳೆದು 20 ಎಂದಿಟ್ಟರೆ ಊರಿನ ಹೆಸರಿನ ಬಾಲ ಕತ್ತರಿಸಿಹೋಗುತ್ತದೆ. ಮೈಎಸ್‌ಕ್ಯೂಎಲ್ ಬಳಸುವವರು ಮೊದಲ ದಿನವೇ ‘ಯುಟಿಎಫ್8ಎಂಬಿ4’ ಆರಿಸಿಕೊಳ್ಳಲಿ. ಹಳೆಯ ಲ್ಯಾಟಿನ್ ಸೆಟ್ಟಿಂಗ್ ಉಳಿದಿದ್ದರೆ ಪಾರ್ಸಲ್ ಚೀಟಿಯ ಮೇಲೆ ಬರೀ ಪ್ರಶ್ನಾರ್ಥಕ ಚಿಹ್ನೆ ಬಂದೀತು.

‘ಬ್ಯಾಕಪ್ ದಿನಾ ಆಗ್ತೈತಿ’

ಎಲ್ಲಿ ಆಗುತ್ತದೆ? ಅದೇ ಸರ್ವರಿನ ಇನ್ನೊಂದು ಫೋಲ್ಡರಿಗಾದರೆ, ಸರ್ವರ್ ಹೋದ ದಿನ ಎರಡೂ ಹೋಗುತ್ತವೆ. ಬೇರೆ ಕಡೆ ಇದ್ದರೂ, ತೆರೆದು ನೋಡದ ಬ್ಯಾಕಪ್ ಲೆಕ್ಕಕ್ಕಿಲ್ಲ. ತಿಂಗಳಿಗೊಮ್ಮೆ ಅದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಇಳಿಸಿ, ಹಿಂದಿನ ದಿನದ ಆರ್ಡರುಗಳನ್ನು ಎಣಿಸಿ, ಕೊರಿಯರ್ ರಸೀದಿಗಳ ಜತೆ ತಾಳೆ ನೋಡಬೇಕು. ಈ ಕೆಲಸಕ್ಕೆ ಪ್ರೋಗ್ರಾಮರೇ ಬೇಕಿಲ್ಲ, ಅಂಗಡಿಯ ಗುಮಾಸ್ತರೂ ಮಾಡಬಹುದು.