ನಿಂಬೆರಸ ಚಿತ್ರಾನ್ನಕ್ಕಿರಲಿ

ಮುಖದ ಮೇಲೆ ಒಂದು ಮೊಡವೆ ಎದ್ದರೆ ಸಾಕು, ಕಂಡವರೆಲ್ಲ ಡಾಕ್ಟರಾಗಿಬಿಡುತ್ತಾರೆ. ಉಷ್ಣ ಜಾಸ್ತಿಯಾಗಿದೆ ಎನ್ನುತ್ತಾರೆ ಒಬ್ಬರು. ಬೋಂಡಾ, ಬಜ್ಜಿ ಬಿಡು ಎನ್ನುತ್ತಾರೆ ಇನ್ನೊಬ್ಬರು. ಜಾಯಿಕಾಯಿ ತೇಯ್ದು ಹಚ್ಚು ಎಂದು ಅಜ್ಜಿ ಫೋನಿನಲ್ಲೇ ಹೇಳುತ್ತಾರೆ. ಮದುವೆಯಾದರೆ ತಾನಾಗಿಯೇ ಹೋಗುತ್ತೆ ಎನ್ನುವ ಸೋದರಮಾವಂದಿರಿಗೂ ಕೊರತೆಯಿಲ್ಲ. ಉಳಿದ ದಿನಗಳಲ್ಲಿ ಇದನ್ನೆಲ್ಲ ನಕ್ಕು ಮರೆಯಬಹುದು. ಕ್ಯಾಂಪಸ್ ಸಂದರ್ಶನ ಹತ್ತಿರ ಬಂದಾಗ ಮಾತ್ರ ಎಲ್ಲವನ್ನೂ ಒಂದು ಕೈ ನೋಡೋಣ ಅನ್ನಿಸುತ್ತದೆ. ಮೆಸ್ಸಿನಿಂದ ನಿಂಬೆ ಹೋಳು ತಂದು ಮುಖಕ್ಕೆ ಉಜ್ಜಿಕೊಳ್ಳುವವರು ನಮ್ಮ ಹಾಸ್ಟೆಲಿನಲ್ಲಿ ಪ್ರತಿ ವರ್ಷವೂ ಇರುತ್ತಾರೆ.

ಮೊಡವೆ ಬರುವುದು ಕೊಳೆಯಿಂದಲ್ಲ. ಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ. ಅದು ಸತ್ತ ಜೀವಕೋಶಗಳ ಜತೆ ಸೇರಿ ಕೂದಲಿನ ಬುಡದ ರಂಧ್ರವನ್ನು ಮುಚ್ಚುತ್ತದೆ. ಚರ್ಮದಲ್ಲಿ ಮೊದಲಿನಿಂದಲೂ ಇರುವ ಬ್ಯಾಕ್ಟೀರಿಯಾ ಅಲ್ಲಿ ಬೆಳೆಯುತ್ತದೆ, ಜಾಗ ಕೆಂಪಾಗಿ ಊದಿಕೊಳ್ಳುತ್ತದೆ. ಇಷ್ಟೆಲ್ಲ ನಡೆಯುವುದು ಒಳಗೆ. ಹೊರಗಿನಿಂದ ದಿನಕ್ಕೆ ಆರು ಸಲ ಸೋಪು ಹಾಕಿ ತಿಕ್ಕಿದರೆ ಚರ್ಮ ಒಣಗಿ ಉರಿಯುತ್ತದೆ, ಅಷ್ಟೇ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಮೃದುವಾದ ಫೇಸ್‌ವಾಶ್ ಸಾಕು.

ಇನ್ನು ನಿಂಬೆಹಣ್ಣಿಗೆ ಬರೋಣ. ನಮ್ಮ ಚರ್ಮದ ಪಿಎಚ್ ಸುಮಾರು 5, ನಿಂಬೆರಸದ್ದು 2ರ ಆಸುಪಾಸು. ಪಿಎಚ್ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ ಎಂದು ಪಿಯುಸಿಯಲ್ಲಿ ಓದಿದ್ದು ನೆನಪಿದ್ದರೆ ಲೆಕ್ಕ ಹಾಕಿ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತೆ ಬೊಬ್ಬೆ ಏಳಲೂಬಹುದು. ಅಡುಗೆ ಸೋಡಾ ಕ್ಷಾರೀಯ, ಅದೂ ಚರ್ಮವನ್ನು ಕೆರಳಿಸುತ್ತದೆ. ಟೂತ್‌ಪೇಸ್ಟ್ ಹಲ್ಲಿಗಾಗಿ ಮಾಡಿದ್ದು. ನಮ್ಮಂಥ ಕಂದು ಬಣ್ಣದವರಿಗೆ ಇನ್ನೊಂದು ಕಷ್ಟವಿದೆ: ಚರ್ಮ ಎಲ್ಲಿ ಕೆರಳಿದರೂ ಅಲ್ಲಿ ಕಪ್ಪು ಕಲೆ ಉಳಿಯುತ್ತದೆ. ಮೊಡವೆ ವಾರದಲ್ಲಿ ಹೋದೀತು, ಕಲೆ ತಿಂಗಳುಗಟ್ಟಲೆ ಕೂರುತ್ತದೆ. ಚಿವುಟಿದರೂ ಇದೇ ಗತಿ.

ಹಾಗಂತ ಮನೆಮದ್ದೆಲ್ಲ ಸುಳ್ಳಲ್ಲ. ಲೋಳೆಸರದ ತಿರುಳು ಉರಿಯನ್ನು ತಣಿಸುತ್ತದೆ. ಎಲೆ ಕತ್ತರಿಸಿದಾಗ ಒಸರುವ ಹಳದಿ ರಸವನ್ನು ತೊಳೆದು ತೆಗೆಯಬೇಕು, ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾದು ನೋಡಬೇಕು. ಕಡಲೆಹಿಟ್ಟು, ಅರಿಶಿನದ ಲೇಪದಿಂದ ಪವಾಡವೇನೂ ಆಗದು. ಒಣಗಿದ ಮೇಲೆ ತಿಕ್ಕಿ ಉದುರಿಸದೆ ನೀರಿನಲ್ಲಿ ನೆನೆಸಿ ತೆಗೆದರೆ ಹೆಚ್ಚಿನವರಿಗೆ ತೊಂದರೆಯೂ ಇಲ್ಲ. ಸಂದರ್ಶನದ ಹಿಂದಿನ ರಾತ್ರಿ ಮಾತ್ರ ಅರಿಶಿನ ಬೇಡ, ಹಳದಿ ಅಷ್ಟು ಸುಲಭವಾಗಿ ಬಿಡುವುದಿಲ್ಲ! ಗಿಡಮೂಲದ ಮದ್ದುಗಳಲ್ಲಿ ಪರೀಕ್ಷೆಗೆ ಒಳಪಟ್ಟ ಒಂದು ಟೀ ಟ್ರೀ ಎಣ್ಣೆ. (ಇದು ನಮ್ಮ ಚಹಾ ಗಿಡವಲ್ಲ, ಆಸ್ಟ್ರೇಲಿಯಾದ ಬೇರೆಯೇ ಮರ.) 1990ರಲ್ಲಿ ಅಲ್ಲಿನ ವೈದ್ಯರು ಶೇ 5ರ ಟೀ ಟ್ರೀ ಜೆಲ್ ಅನ್ನು ಬೆಂಜಾಯಿಲ್ ಪೆರಾಕ್ಸೈಡ್ ಎಂಬ ಮಾಮೂಲಿ ಔಷಧದೊಂದಿಗೆ ಹೋಲಿಸಿದರು. ಎರಡರಿಂದಲೂ ಮೊಡವೆ ಕಡಿಮೆಯಾಯಿತು. ಟೀ ಟ್ರೀ ನಿಧಾನ, ಆದರೆ ಕಿರಿಕಿರಿ ಕಡಿಮೆ. ಬಾಟಲಿಯ ಎಣ್ಣೆಯನ್ನು ನೇರವಾಗಿ ಹಚ್ಚಿದರೆ ಮಾತ್ರ ಚರ್ಮ ಕೆಂಪೇಳುತ್ತದೆ.

ನನ್ನನ್ನು ಕೇಳಿದರೆ, ಹಚ್ಚುವುದಕ್ಕಿಂತ ಬಿಡುವುದರಲ್ಲೇ ಲಾಭ ಜಾಸ್ತಿ. ರಾತ್ರಿ ತಲೆಗೆ ತೆಂಗಿನೆಣ್ಣೆ ಮೆತ್ತಿ ಮಲಗುವವರ ಹಣೆಯನ್ನು ಗಮನಿಸಿ. ಎಣ್ಣೆ ಹಣೆಗಿಳಿದು ರಂಧ್ರ ಮುಚ್ಚಿ ಸಣ್ಣ ಗುಳ್ಳೆಗಳ ಸಾಲೇ ಎದ್ದಿರುತ್ತದೆ. ಸ್ನಾನಕ್ಕೆ ಒಂದು ಗಂಟೆ ಮುಂಚೆ ಎಣ್ಣೆ ಹಚ್ಚಿ ತೊಳೆದುಕೊಂಡರೆ, ವಾರಕ್ಕೊಮ್ಮೆ ದಿಂಬಿನ ಕವರ್ ಒಗೆದರೆ ಖರ್ಚೇ ಇಲ್ಲ.

ನಿಜವಾದ ಅಪಾಯ ಇರುವುದು ಮನೆಮದ್ದು ಕೈಕೊಟ್ಟ ಮೇಲೆ. ನನ್ನ ಸಹಪಾಠಿಯೊಬ್ಬಳು ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮ್ ಹಚ್ಚಿದಳು. ವಾರದಲ್ಲಿ ಮುಖ ಕನ್ನಡಿಯಂತಾಯಿತು, ಎಲ್ಲರೂ ಹೆಸರು ಕೇಳಿ ಬರೆದುಕೊಂಡರು. ಮೂರು ತಿಂಗಳ ಬಳಿಕ ಬಿಸಿಲಿಗೆ ಹೋದರೆ ಕೆನ್ನೆ ಉರಿ, ಕ್ರೀಮ್ ಬಿಟ್ಟರೆ ಮೊದಲಿಗಿಂತ ದುಪ್ಪಟ್ಟು ಮೊಡವೆ. ಅದರಲ್ಲಿದ್ದದ್ದು ಸ್ಟಿರಾಯ್ಡ್. ಇದನ್ನು ಹೆಚ್ಚು ದಿನ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳ ಎದ್ದು ಕಾಣುತ್ತವೆ, ಕೂದಲೂ ಬೆಳೆಯಬಹುದು. ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಟ್ಯೂಬಿನ ಸಣ್ಣಕ್ಷರದಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಎಂದಿದ್ದರೆ ಅಲ್ಲೇ ವಾಪಸ್ ಕೊಡಿ.

ಗಟ್ಟಿ ಗಂಟುಗಳಾಗಿ ನೋಯುತ್ತಿದ್ದರೆ, ಗುಳಿ ಬೀಳುತ್ತಿದ್ದರೆ, ಹುಡುಗಿಯರಿಗೆ ಮುಟ್ಟೂ ಏರುಪೇರಾಗಿದ್ದರೆ ಚರ್ಮವೈದ್ಯರ ಬಳಿ ಹೋಗಬೇಕು. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಕಡಿಮೆ ಖರ್ಚಿನಲ್ಲೇ ತೋರಿಸಬಹುದು. ಸರಿಯಾದ ಔಷಧಕ್ಕೂ ಫಲ ಕಾಣಲು ಆರರಿಂದ ಎಂಟು ವಾರ ಬೇಕು, ಅಷ್ಟು ಮೊದಲೇ ಹೊರಡಿ. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಬ್ಯಾಗಿಗೆ ಹಾಕಿಕೊಳ್ಳಿ. ಬೈಸಿಕೊಳ್ಳಬೇಕಾಗುತ್ತದೆ ಎಂದು ಮನೆಯಲ್ಲೇ ಬಿಟ್ಟು ಹೋಗಬೇಡಿ.