ಕಲ್ಲಂಗಡಿ: ಕೊಯ್ಲಿನ ದಿನವನ್ನು ನಿರ್ಧರಿಸುವವರು ಯಾರು?

ಮಳವಳ್ಳಿ ಹಾಗೂ ಮದ್ದೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಗಮನಕ್ಕೆ.

ಬೇಸಿಗೆಯಲ್ಲಿ ಕೊಳವೆಬಾವಿಯ ಅಲ್ಪ ನೀರನ್ನು ನಂಬಿ ಕಲ್ಲಂಗಡಿ ಬೆಳೆಯುವ ಸಣ್ಣ ಹಿಡುವಳಿದಾರರಿಗೆ ಬೆಳೆಯು 70ರಿಂದ 90 ದಿನಗಳಲ್ಲಿ ಕೈಗೆ ಬರುತ್ತದೆ. ಆದರೆ ಲಾಭ–ನಷ್ಟಗಳು ಬಹುಮಟ್ಟಿಗೆ ನಿರ್ಧಾರವಾಗುವುದು ಕೊನೆಯ ಹತ್ತು ದಿನಗಳಲ್ಲಿ.

ಕಲ್ಲಂಗಡಿಯು ಮಾವು, ಬಾಳೆಗಳಂತೆ ಕಿತ್ತ ಮೇಲೆ ಮಾಗುವ ಹಣ್ಣಲ್ಲ. ಬಳ್ಳಿಯಲ್ಲಿ ಬಾರದ ಸಿಹಿ ರಾಶಿಯಲ್ಲಿ ಬಾರದು. ತೊಟ್ಟಿನ ಪಕ್ಕದ ಸುರುಳಿ ಕುಡಿ ಒಣಗಿರುವುದು, ನೆಲಕ್ಕೆ ತಾಗಿದ ಭಾಗ ಬಿಳುಪಿನಿಂದ ಹಳದಿಗೆ ತಿರುಗಿರುವುದು ಮಾಗಿದುದರ ಗುರುತು. ಈ ಹಂತ ತಲುಪಿದ ಹಣ್ಣು ಹೆಚ್ಚು ದಿನ ಕಾಯದು. ವ್ಯಾಪಾರಿಗೆ ಇದು ಚೆನ್ನಾಗಿ ತಿಳಿದಿರುತ್ತದೆ. ಲಾರಿ ನಾಲ್ಕು ದಿನ ತಡವಾದರೆ ರೈತನೇ ದರ ಇಳಿಸುತ್ತಾನೆ. 10 ಟನ್ ಹಣ್ಣಿಗೆ ಕಿಲೋಗೆ 2 ರೂಪಾಯಿ ಕಡಿಮೆಯಾದರೂ 20,000 ರೂಪಾಯಿ ಹೋಯಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ರಾಜ್ಯದ ಅನೇಕ ಕಡೆ ಕಲ್ಲಂಗಡಿ ಹೊಲದಲ್ಲಿಯೇ ಕೊಳೆತದ್ದನ್ನು ಸದಸ್ಯರು ಮರೆತಿರಲಾರರು.

ಶೀತಲಗೃಹವೇ ಪರಿಹಾರವೆಂಬ ಬೇಡಿಕೆ ಗ್ರಾಮಸಭೆಗಳಲ್ಲಿ ಬರುವುದುಂಟು. 10ರಿಂದ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಣ್ಣು ಎರಡು–ಮೂರು ವಾರ ಉಳಿಯುತ್ತದೆ ನಿಜ. ಅದಕ್ಕಿಂತ ತಣ್ಣಗಾದರೆ ಸಿಪ್ಪೆಯಲ್ಲಿ ಗುಳಿ ಬಿದ್ದು ಕೆಡುತ್ತದೆ. ಕಡಿಮೆ ಬೆಲೆಯ, ಭಾರದ ಹಣ್ಣಿಗೆ ಆ ವೆಚ್ಚ ಸಣ್ಣ ಬೆಳೆಗಾರನಿಗೆ ಹೊರೆಯೇ ಸರಿ. ನೆರಳು, ಗಾಳಿಯಾಡುವ ಚಾವಣಿ, ಒಣಹುಲ್ಲಿನ ಹಾಸು ಇಷ್ಟರಿಂದಲೇ ಕೆಲವು ದಿನಗಳ ಬಿಡುವು ದೊರೆಯುತ್ತದೆ. ಮಾಗುತ್ತಿರುವ ಬಾಳೆಯನ್ನು ಮಾತ್ರ ಅದೇ ಚಾವಣಿಯಲ್ಲಿ ಇಡಬಾರದು.

ಇದಕ್ಕಿಂತ ಮುಖ್ಯವಾದುದು ಬಿತ್ತನೆಯ ದಿನ. ಊರಿನವರೆಲ್ಲರೂ ಒಂದೇ ವಾರ ಬಿತ್ತಿದರೆ ಒಂದೇ ವಾರ ಕೊಯ್ಲು. ವಾರ್ಡ್ ಸಭೆಯಲ್ಲಿ ಬೆಳೆಗಾರರ ಬಿತ್ತನೆ ದಿನಾಂಕಗಳನ್ನು ಬರೆದುಕೊಂಡು, ಹದಿನೈದು ದಿನಗಳ ಅಂತರದಲ್ಲಿ ಬಿತ್ತುವಂತೆ ಒಪ್ಪಿಸುವುದು ಖರ್ಚಿಲ್ಲದ ಕೆಲಸ. ಬೇಡಿಕೆ ಹೆಚ್ಚುವ ರಂಜಾನ್ ತಿಂಗಳು ಪ್ರತಿವರ್ಷ 10–11 ದಿನ ಮುಂಚಿತವಾಗಿ ಬರುವುದರಿಂದ ಕಳೆದ ವರ್ಷದ ದಿನಾಂಕವನ್ನೇ ನೆಚ್ಚಿಕೊಳ್ಳುವುದು ಸಲ್ಲದು. ಇಂತಹ ಪಟ್ಟಿ ಕೈಯಲ್ಲಿದ್ದರೆ ನಾಲ್ಕೈದು ಬೆಳೆಗಾರರು ಸೇರಿ ಒಂದು ಲಾರಿ ಗೊತ್ತುಮಾಡಬಹುದು. ಹಣ್ಣನ್ನು ಕಣ್ಣಂದಾಜಿನಲ್ಲಿ ಕೊಡದೆ ತೂಗಿಸಿ ಚೀಟಿ ಪಡೆಯಬಹುದು.

ಮುತ್ತತ್ತಿಯ ಹನುಮಂತರಾಯನ ದರ್ಶನಕ್ಕೂ ಕಾವೇರಿಯ ದಡಕ್ಕೂ ಬೇಸಿಗೆಯಲ್ಲಿ ಬರುವ ಜನರು ಹಲಗೂರಿನ ಮಾರ್ಗವಾಗಿ ಹೋಗುವುದುಂಟು. ಈ ದಾರಿಯಲ್ಲಿ ಬೆಳೆಗಾರರೇ ನೇರವಾಗಿ ಮಾರಲು ನೆರಳಿನ ಸ್ಥಳ ಗುರುತಿಸುವುದು ಸೂಕ್ತ. ಆದರೆ ಮುತ್ತತ್ತಿ ಕಾವೇರಿ ವನ್ಯಜೀವಿಧಾಮದ ಒಳಗಿದೆ. ಸಿಪ್ಪೆಯ ರಾಶಿ ಆನೆ, ಕಾಡುಹಂದಿಗಳನ್ನು ಕರೆಯುತ್ತದೆ. ಆದುದರಿಂದ ಮಾರಾಟದ ಸ್ಥಳವನ್ನು ಕಾಡಿನ ಅಂಚಿನಿಂದ ಹೊರಗೆ, ಅರಣ್ಯ ಇಲಾಖೆಯೊಡನೆ ಸಮಾಲೋಚಿಸಿಯೇ ನಿಗದಿಪಡಿಸತಕ್ಕದ್ದು.