ಉಚಿತ ಕರೆಂಟ್ ಇದೆ, ಮೀಟರ್ ಎಲ್ಲಿದೆ?

ಗೃಹಜ್ಯೋತಿ ಬಂದ ಮೇಲೆ ಬಡವರ ಮನೆಯ ಕರೆಂಟ್ ಬಿಲ್ಲಿನ ಚಿಂತೆ ಮುಗಿಯಿತು ಎಂದುಕೊಂಡವರೇ ಹೆಚ್ಚು. 2023ರ ಆಗಸ್ಟ್‌ನಿಂದ, ತಿಂಗಳಿಗೆ 200 ಯೂನಿಟ್ ಒಳಗೆ ಬಳಸುವ ಮನೆಗಳಿಗೆ ಅವುಗಳ ಹಿಂದಿನ ಸರಾಸರಿಗೆ ತಕ್ಕಷ್ಟು ವಿದ್ಯುತ್ ಉಚಿತ. ಆದರೆ ಈ ಲೆಕ್ಕವೆಲ್ಲ ಶುರುವಾಗುವುದು ಮೀಟರ್‌ನಿಂದ. ಮೀಟರೇ ಇಲ್ಲದ ಮನೆಗೆ, ನಾಲ್ಕು ಸಂಸಾರಕ್ಕೆ ಒಂದೇ ಮೀಟರ್ ಇರುವ ವಠಾರಕ್ಕೆ ಈ ಜ್ಯೋತಿ ತಲುಪುವುದು ಹೇಗೆ?

ಬಿಇ ಓದುತ್ತಿರುವ ನನಗೆ ಟ್ರಾನ್ಸ್‌ಫಾರ್ಮರ್, ಲೈನುಗಳ ಪಾಠವಿದೆ. ಆದರೆ ಕಂಬದಿಂದ ಮನೆಯವರೆಗಿನ ಕೊನೆಯ ಕೆಲವು ಮೀಟರ್ ದೂರ ದಾಟಲು ಖಾತೆ, ಹಕ್ಕುಪತ್ರ ಬೇಕು ಎಂಬುದು ಪಠ್ಯದಲ್ಲಿಲ್ಲ. ಕರೆಂಟ್ ಕೊಡುವುದು ಬೆಸ್ಕಾಂ ಆದರೂ ಇಂಥ ಎಷ್ಟೋ ಕಾಗದಗಳಿಗೆ ಜನ ಹೋಗಬೇಕಾದ್ದು ನಗರಸಭೆ, ಪುರಸಭೆ, ಗ್ರಾಮ ಪಂಚಾಯಿತಿಗಳಿಗೆ.

ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೆಸರಾದ ರಾಮನಗರವನ್ನೇ ನೋಡಿ. ನೂಲು ತೆಗೆಯುವ ಕೆಲಸದ ನಾಲ್ಕು ಕುಟುಂಬಗಳು ಒಂದೇ ಮೀಟರಿನ ವಠಾರದಲ್ಲಿವೆ ಎಂದುಕೊಳ್ಳಿ. ತಲಾ 60 ಯೂನಿಟ್ ಬಳಸಿದರೂ ಒಟ್ಟು 240. ಮಿತಿ 200 ದಾಟಿದ್ದರಿಂದ ಪೂರ್ತಿ ಬಿಲ್ ಕಟ್ಟಬೇಕು! ಪ್ರತ್ಯೇಕ ಮೀಟರ್ ಇದ್ದಿದ್ದರೆ ಬಹುಪಾಲು ಉಚಿತವಾಗುತ್ತಿತ್ತು. ಬಾಡಿಗೆದಾರರೂ ಯೋಜನೆಗೆ ಅರ್ಹರು. ಮಾಲೀಕರನ್ನು ಒಪ್ಪಿಸಿ, ದಾಖಲೆ ಸರಿಪಡಿಸಿಕೊಡಲು ನಗರಸಭೆ ವಾರ್ಡ್‌ವಾರು ಶಿಬಿರ ಮಾಡಬಹುದಲ್ಲವೇ?

ಚನ್ನಪಟ್ಟಣದ ಸಮಸ್ಯೆ ಬೇರೆ. ಅಲ್ಲಿ ಬೊಂಬೆ ಮಾಡುವವರ ಎಷ್ಟೋ ಮನೆಗಳೇ ಕಾರ್ಖಾನೆ. ಲೇತ್ ತಿರುಗಿದರೆ ಮಾತ್ರ ಆ ಬಿಸಿಗೆ ಅರಗು ಕರಗಿ ಮರಕ್ಕೆ ಬಣ್ಣ ಹತ್ತುತ್ತದೆ. ಗೃಹಜ್ಯೋತಿ ಇರುವುದು ಮನೆ ಬಳಕೆಗಷ್ಟೇ. ಇಂಥ ಕುಟುಂಬಗಳನ್ನು ಸ್ಥಳೀಯ ಸಂಸ್ಥೆ ಗುರುತಿಸಿದರೆ ಅವರಿಗೆ ಬೇಕಾದ ನೆರವಿನ ಬಗ್ಗೆ ಸರ್ಕಾರದ ಮುಂದೆ ಮಾತಾಡಬಹುದು.

ಕನಕಪುರ, ಮಾಗಡಿಯ ಕಾಡಂಚಿನಲ್ಲಿ ಇರುಳಿಗ ಸಮುದಾಯದ ಹಾಡಿಗಳಿವೆ. ಅರಣ್ಯ ಜಾಗ ಎಂದ ಕೂಡಲೇ ಕಂಬ ನೆಡುವ ಮಾತು ನಿಂತುಬಿಡುತ್ತದೆ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(2) ಪ್ರಕಾರ ವಿದ್ಯುತ್ ಲೈನ್, ಶಾಲೆ, ಅಂಗನವಾಡಿಯಂಥ ಸೌಕರ್ಯಕ್ಕೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿ ಕೊಡಲು ಅವಕಾಶವಿದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆ ಶಿಫಾರಸು ಮಾಡಿರಬೇಕು. ಅಂದರೆ ಮೊದಲ ಹೆಜ್ಜೆ ಊರಿನವರದ್ದೇ. ಆ ಠರಾವು ಬರೆಸಿ ಮುಂದಕ್ಕೆ ಕಳಿಸಲು ಪಂಚಾಯಿತಿ ಮನಸ್ಸು ಮಾಡಬೇಕು.

ಇನ್ನು ಒಲೆ. ಉಜ್ವಲ ಯೋಜನೆ 2016ರಲ್ಲಿ ಬಂತು. ಸಿಲಿಂಡರ್ ಮನೆ ಸೇರಿದರೂ ಖಾಲಿಯಾದಾಗ ತುಂಬಿಸಲು ಕೈಯಲ್ಲಿ ಕಾಸಿಲ್ಲದೆ ಹೆಣ್ಣುಮಕ್ಕಳು ಮತ್ತೆ ಸೌದೆಗೆ ಹೋಗುತ್ತಾರೆ. ಸಬ್ಸಿಡಿ ಖಾತೆಗೆ ಬರುವುದು ಪೂರ್ತಿ ಹಣ ಕೊಟ್ಟ ಮೇಲೆ. ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟ ಒಂದು ಸಿಲಿಂಡರಿನಷ್ಟು ಕೈಸಾಲ ಕೊಟ್ಟರೆ ಹೊಗೆಯಿಂದ ಎಷ್ಟೋ ತಾಯಂದಿರಿಗೆ ಬಿಡುಗಡೆ.

ಸಣ್ಣ ತಿಳಿವಳಿಕೆಯೂ ನೆರವೇ. 75 ವ್ಯಾಟಿನ ಹಳೆಯ ಫ್ಯಾನ್ ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 22.5 ಯೂನಿಟ್. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್‌ಗೆ 9 ಸಾಕು. ತಿಂಗಳಿಗೆ ಐವತ್ತು, ಅರವತ್ತು ಯೂನಿಟ್ ಉಚಿತ ಸಿಗುವ ಮನೆಗೆ ಇದು ದೊಡ್ಡ ವ್ಯತ್ಯಾಸ.

ಇದಕ್ಕೆಲ್ಲ ಮೊದಲು ಬೇಕಾದ್ದು ಒಂದು ಪಟ್ಟಿ. ಯಾವ ಮನೆಗೆ ಸ್ವಂತ ಮೀಟರ್ ಇಲ್ಲ, ಯಾರು ಇನ್ನೂ ಸೌದೆ ಉರಿಸುತ್ತಾರೆ ಎಂದು ಪ್ರತಿ ವಾರ್ಡಿನಲ್ಲಿ ಬರೆದು ಗ್ರಾಮಸಭೆ, ವಾರ್ಡ್ ಸಭೆಯಲ್ಲಿ ಓದಬೇಕು. ಮನೆ ಮನೆ ಸಮೀಕ್ಷೆಗೆ ನಮ್ಮಂಥ ಎಂಜಿನಿಯರಿಂಗ್, ಡಿಪ್ಲೊಮಾ ವಿದ್ಯಾರ್ಥಿಗಳನ್ನು ಕರೆಯಲಿ. ರಜೆಯಲ್ಲಿ ಒಂದು ವಾರ ಕೊಡಲು ನಾವು ತಯಾರು. ಮುಂದಿನ ಸಭೆಯ ನೋಟಿಸ್ ಬಂದಾಗ ನೀವೂ ಹೋಗಿ, ನಿಮ್ಮ ಬೀದಿಯಲ್ಲಿ ಮೀಟರ್ ಇಲ್ಲದ ಮನೆ ಎಷ್ಟು ಎಂದು ಕೇಳಿ.